ಮಣ್ಣಿಗೆ ಬರುವಷ್ಟು ದೂರ

ನಮ್ಮ ಕಡೆ ಹೆಣ್ಣು ಕೊಡುವಾಗ ದೂರವನ್ನು ಮೈಲಿಯಲ್ಲಿ ಕೇಳುತ್ತಿರಲಿಲ್ಲ. "ಮಣ್ಣಿಗೆ ಬರೋಕಾಗ್ತದಾ?" ಎಂದು ಕೇಳುತ್ತಿದ್ದರು. ತವರಿನಲ್ಲಿ ಸಾವಾದರೆ ಹೆಣ ಎತ್ತುವುದರೊಳಗೆ ಮಗಳು ಬಂದು ಒಂದು ಹಿಡಿ ಮಣ್ಣು ಹಾಕುವಂತಿರಬೇಕು. ಈ ಲೆಕ್ಕದಲ್ಲಿ ಹೊಸೂರಿನ ಪಕ್ಕದ ನಮ್ಮ ಹಳ್ಳಿಗೆ ಜೂಜುವಾಡಿ ಹತ್ತಿರ, ಕೃಷ್ಣಗಿರಿ ಪರವಾಗಿಲ್ಲ, ಕಾಡಿನಾಚೆಯ ನಾಟ್ರಾಂಪಾಳ್ಯ ಬೇಡವೇ ಬೇಡ.

ಎಂಬತ್ತರ ದಶಕದ ಮೊದಲ ವರ್ಷಗಳು. ವಿಮಾನಗಳಿಗೆ ಹವಾಮಾನ ಹೇಳುವ ಕೆಲಸದಲ್ಲಿದ್ದ ನನ್ನ ಗಂಡನಿಗೆ ಲೇಹ್‌ಗೆ ವರ್ಗವಾಯಿತು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಾನೂ ಹೊರಡುತ್ತೇನೆ ಎಂದೆ. ತವರುಮನೆಯಲ್ಲಿ ರಂಪವಾಯಿತು.

ಜೂಜುವಾಡಿಯಿಂದ ಅಪ್ಪನ ಅಕ್ಕ, ನನ್ನ ಸೋದರತ್ತೆ, ಓಡಿ ಬಂದಳು. ಯಾರ ಮನೆಯ ಸಾವನ್ನೂ ತಪ್ಪಿಸಿಕೊಂಡವಳಲ್ಲ.

"ಅದೆಷ್ಟು ದೂರನೇ?"

"ಶ್ರೀನಗರದವರೆಗೂ ರೈಲು, ಬಸ್ಸು. ಅಲ್ಲಿಂದ ಲೇಹ್‌ಗೆ ವಿಮಾನದಲ್ಲಿ ಅರ್ಧ ಗಂಟೆ."

"ಅರ್ಧ ಗಂಟೆನಾ? ಹಂಗಾರೆ ಅತ್ತಿಬೆಲೆಗೆ ಹೋಗ್ಬಂದಂಗೆ ಬಿಡು. ಇಮಾನ ಹಾರ್ದಿದ್ರೆ?"

"ಬಸ್ಸಲ್ಲಿ ಎರಡು ದಿನ."

"ಮಂಜು ಬಿದ್ರೆ?"

"ಬಸ್ಸೂ ಇಲ್ಲ."

ಅಮ್ಮ ಒಲೆಯ ಮುಂದಿನಿಂದಲೇ ಹೇಳಿದಳು: "ನಾವು ಸತ್ರೆ ಮಣ್ಣಿಗೆ ಬರಕ್ಕಾಗ್ದಿರೋ ಜಾಗಕ್ಕೆ ಕಳ್ಸಲ್ಲ."

ನನಗೆ ಮೈಯೆಲ್ಲ ಉರಿಯಿತು. "ನೀವು ಸಾಯೋದನ್ನ ಕಾಯ್ಕೊಂಡು ನಾನು ಇಲ್ಲೇ ಕೂತಿರ್ಬೇಕಾ?" ಎಂದೆ. ಅಮ್ಮ ಆಮೇಲೆ ಮಾತು ಬಿಟ್ಟಳು. ಬಸ್ ಸ್ಟ್ಯಾಂಡಿಗೆ ಬಂದವನು ಅಪ್ಪ ಒಬ್ಬನೇ. ಚೀಲಕ್ಕೆ ಹುರುಳಿಕಾಳಿನ ಗಂಟು ತುರುಕಿ "ಹೋಗ್ಬಾ ಮಗ" ಎಂದ.

ಶ್ರೀನಗರದಲ್ಲಿ ನಮ್ಮ ಅರ್ಧ ಗಂಟೆ ಒಂದು ವಾರ ಹಿಡಿಯಿತು. ಆ ಬೆಟ್ಟಗಳ ನಡುವೆ ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಬೆಳಗ್ಗೆಯೇ ಹಾರಬೇಕು. ಬೆಳಗ್ಗೆ ಮೋಡ ಬಿಡುತ್ತಿರಲಿಲ್ಲ. ದಿನಾ ವಿಮಾನ ನಿಲ್ದಾಣಕ್ಕೆ ಹೋಗುವುದು, ಪೆಟ್ಟಿಗೆ ಹೊತ್ತು ವಾಪಸ್ ಬರುವುದು. ಕಡೆಗೊಂದು ದಿನ ಹಾರಿತು. ಬಾಯಲ್ಲಿಟ್ಟ ಪೆಪ್ಪರ್‌ಮೆಂಟ್ ಪೂರ್ತಿ ಕರಗಿರಲಿಲ್ಲ, ಇಳಿಯಿರಿ ಎಂದರು. ಅಲ್ಲಿ ನೀರು ಹೆಪ್ಪುಗಟ್ಟುತ್ತಿತ್ತು, ಬೇಳೆ ಬೇಯುತ್ತಿರಲಿಲ್ಲ. ಆದರೂ ನಾನು ಸುಖವಾಗಿದ್ದೆ. ಇದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ. ಬೇಸಿಗೆಯಲ್ಲಿ ಊರಿಗೆ ಹೋದಾಗಲೂ ಅಮ್ಮ ಮಾತಾಡಲಿಲ್ಲ.

ಮೂರನೆಯ ಚಳಿಗಾಲದಲ್ಲಿ ಅಪ್ಪ ಹೋದನೆಂದು ತಂತಿ ಬಂತು. ಹಾದಿ ಮುಚ್ಚಿತ್ತು, ವಿಮಾನ ಬರಲಿಲ್ಲ. ದಿನಾ ಬೆಳಗ್ಗೆ ನಿಲ್ದಾಣದಲ್ಲಿ ಪೆಟ್ಟಿಗೆಯ ಮೇಲೆ ಕೂತು ಅಳುತ್ತಿದ್ದೆ, ಮೋಡವನ್ನು ಗಂಡನೇ ತಂದು ನಿಲ್ಲಿಸಿದ ಹಾಗೆ ಅವನನ್ನು ಬಯ್ಯುತ್ತಿದ್ದೆ. ಊರು ಮುಟ್ಟುವಷ್ಟರಲ್ಲಿ ತಿಥಿಯೂ ಮುಗಿದಿತ್ತು.

ಪಡಸಾಲೆಯಲ್ಲಿ ಅತ್ತೆ ಕಾದಿದ್ದಳು. "ಅರ್ಧ ಗಂಟೆ ಅಂದಿದ್ಯಲ್ಲೇ, ಈಗ ಬಂದ್ಯಾ?"

"ಈಗ ಬಂದೆ ಅತ್ತೆ. ಅಪ್ಪ ಬದುಕಿದ್ದಾಗ ವರ್ಷವರ್ಷವೂ ಬಂದು ತಿಂಗಳಿದ್ದು ಹೋಗಿದ್ದೀನಿ. ನೀನು ಇಲ್ಲೇ ಪಕ್ಕದಲ್ಲಿದ್ದೆಯಲ್ಲ, ಅವನು ಜ್ವರ ಬಂದು ಮಲಗಿದ್ದಾಗ ಒಂದು ಸಲ ಬಂದಿದ್ಯಾ?"

ಅತ್ತೆ ಸೆರಗು ಕೊಡವಿಕೊಂಡು ಎದ್ದಳು. ಆಗ ಮೂಲೆಯಲ್ಲಿ ಕೂತಿದ್ದ ಅಮ್ಮ, ಮೂರು ವರ್ಷದಿಂದ ನನ್ನೊಡನೆ ಮಾತಾಡದ ಅಮ್ಮ, ಬಾಯಿ ಬಿಟ್ಟಳು.

"ಯಾವಾಗ ಹೊರಡ್ತೀಯ?"

"ಯುಗಾದಿ ಕಳೆದ ಮೇಲೆ."

"ನಾನೂ ಬತ್ತೀನಿ."

ಅತ್ತೆ ಬಾಗಿಲಲ್ಲೇ ತಿರುಗಿದಳು. "ಗಂಡನ್ನ ಕಳ್ಕೊಂಡೋಳು ವರ್ಷ ತುಂಬೋಗಂಟ ಊರು ಬಿಡ್ಬಾರ್ದು ಕಣೇ! ಅಷ್ಟು ದೂರದಾಗೆ ನಿಂಗೇನಾದ್ರೂ ಆದ್ರೆ?"

ಅಮ್ಮ ಅವಳ ಕಡೆ ನೋಡಲೂ ಇಲ್ಲ. "ಆದ್ರೆ ಮಣ್ಣಿಗೆ ನೀನೇ ಬಂದ್ಬುಡು ಅಕ್ಕಯ್ಯ."