ಪರೀಕ್ಷೆ ಬರೆದೂ ಗೈರುಹಾಜರಾದ ಚಿತ್ತಮ್ಮ

“ನೀಳ್ಳು ಎಷ್ಟು ಬೇಕಮ್ಮ ನಿಂಗೆ?”

ಪಾವಗಡದ ಬಾಡಿಗೆ ಮನೆಯ ಬೀಗ ತೆಗೆಯುತ್ತ ಒಡತಿ ಗಂಗಮ್ಮ ಕೇಳಿದರು. ಕರಾವಳಿಯ ಕುಮಟೆಯಿಂದ ಬಂದಿಳಿದ ನನಗೆ ಏನೂ ತಿಳಿಯಲಿಲ್ಲ. ನೀಳ್ಳು ಎಂದರೆ ತೆಲುಗಿನಲ್ಲಿ ನೀರು. ಕುಡಿಯಲು ಎರಡು ಬಿಂದಿಗೆ ಸಿಹಿನೀರು, ಉಳಿದದ್ದಕ್ಕೆಲ್ಲ ಉಪ್ಪುನೀರು. ನಮ್ಮಲ್ಲಿ ಹಿತ್ತಲಿನ ಬಾವಿಗೆ ಹಗ್ಗ ಇಳಿಸಿದರಾಯಿತು. ಇಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಬೋಳು ಬಂಡೆ. ಅಳು ಬರಬೇಕಿತ್ತು. ಬರಲಿಲ್ಲ. ಎಂಬತ್ತರ ದಶಕದ ಆರಂಭ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತ್ತು, ಬಂದಿದ್ದೆ, ಅಷ್ಟೆ.

ನನಗೆ ಮುದ್ದೆ ನುಂಗಲು ಕಲಿಸಿದವಳು ಕೊನೆಯ ವರ್ಷದ ವಿದ್ಯಾರ್ಥಿನಿ ಚಿತ್ತಮ್ಮ. “ಅಗೀಬಾರ್ದು ಮೇಡಂ, ಅಂಗೇ ನುಂಗ್ಬುಡಿ” ಎಂದು ನಗುತ್ತಿದ್ದಳು. ಅವಳ ಅಪ್ಪ ತಿಮ್ಮಪ್ಪ ಕುರಿ ಕಾಯುವವರು. ಮಗಳು ಬಿ.ಎಡ್. ಮಾಡಿ ಮೇಷ್ಟ್ರಾಗಬೇಕೆಂಬ ಆಸೆ ಇಬ್ಬರಿಗೂ. ಮಡಕಶಿರಾ ಕಡೆಯಿಂದ ಬಂದ ಸಂಬಂಧವನ್ನು ಫಲಿತಾಂಶ ಬರುವವರೆಗೆ ತಡೆದಿದ್ದರು.

ಆ ವರ್ಷವೇ ವಿಶ್ವವಿದ್ಯಾಲಯ ಫಲಿತಾಂಶವನ್ನು ಕಂಪ್ಯೂಟರಿನಲ್ಲಿ ತೆಗೆಯತೊಡಗಿತು. ಚಿತ್ತಮ್ಮ ಫೇಲು. ಪ್ರಾಯೋಗಿಕ ಪರೀಕ್ಷೆಗೆ ಗೈರುಹಾಜರು ಎಂದಿತ್ತು. ಅಂದು ನನ್ನೆದುರೇ ಗಾಜಿನ ಪಟ್ಟಕದಲ್ಲಿ ಬೆಳಕು ಹಾಯಿಸಿ ಕೋನ ಅಳೆದ ಹುಡುಗಿ.

“ಬರ್ಲಿಲ್ವಂತಾ ನನ್ ಮಗ್ಳು?” ತಿಮ್ಮಪ್ಪ ಕೇಳಿದರು. “ನಾನೇ ಕಾಲೇಜ್ ಬಾಗ್ಲಾಗೆ ಕುಂತಿದ್ನಲ್ಲ ಮೇಡಂನೋರೆ.”

“ಬಂದಿದ್ದಳು. ಮಿಷನ್ನಿನಲ್ಲಿ ತಪ್ಪಾಗಿದೆ.”

“ಅದ್ಕೆ ಯೋಳೋರ್ಯಾರು?”

ಮೂವರೂ ವಿಶ್ವವಿದ್ಯಾಲಯಕ್ಕೆ ಬಸ್ಸು ಹತ್ತಿದೆವು. ಪರೀಕ್ಷಾ ವಿಭಾಗದ ಗುಮಾಸ್ತರು ಅಂಚಿನುದ್ದಕ್ಕೂ ತೂತುಗಳಿದ್ದ ಅಗಲವಾದ ಹಾಳೆ ಬಿಡಿಸಿದರು. “ಕಂಪ್ಯೂಟರಿನಲ್ಲಿ ಹೀಗೇ ಬಂದಿದೆ, ಮೇಡಂ.”

“ಪರೀಕ್ಷೆ ನಡೆಸಿದ್ದು ನಾನು. ಹುಡುಗಿ ಇಲ್ಲೇ ನಿಂತಿದ್ದಾಳೆ.”

ಅವರು ಚಿತ್ತಮ್ಮನನ್ನು ನೋಡಿದರು, ಮತ್ತೆ ಹಾಳೆ ನೋಡಿದರು. ಕೆಟ್ಟವರಲ್ಲ, ಕುಳಿತುಕೊಳ್ಳಲು ಹೇಳಿ ಅರ್ಜಿ ಬರೆಸಿಕೊಂಡರು. ಅಂಕ ಸರಿಯಾಗಿ ಬಂದಾಗ ಚಳಿಗಾಲ. ಪ್ರಥಮ ದರ್ಜೆ. ತುಮಕೂರಿನಲ್ಲಿ ಬಿ.ಎಡ್. ತರಗತಿಗಳು ಆಗಲೇ ಅರ್ಧ ಮುಗಿದಿದ್ದವು.

ಪ್ರಾಂಶುಪಾಲರು ನನ್ನನ್ನು ಅಭಿನಂದಿಸಿದರು. ಮನೆಗೆ ಬಂದು ಕೈಕಾಲು ತೊಳೆದು ಗೋಡೆ ನೋಡುತ್ತ ಕುಳಿತೆ. ಸಂತೋಷವೂ ಇಲ್ಲ, ಕೋಪವೂ ಇಲ್ಲ. ಗಂಗಮ್ಮ ಒಳಗೆ ಬಂದರು.

“ಒಂದ್ಸಲ ಅತ್ಬುಡು ತಾಯಿ, ಅಗುರಾಗ್ತೈತೆ.”

“ಬರ್ತಾ ಇಲ್ಲ, ಗಂಗಮ್ಮ.”

ಮರುದಿನ ತಿಮ್ಮಪ್ಪ ಕಾಲೇಜಿಗೆ ಬಂದರು. ಮದುವೆಯ ಮಾತಿರಬೇಕೆಂದುಕೊಂಡೆ. “ಗಂಡಿನೋರ್ಗೆ ಆಗಲ್ಲ ಅಂದ್ಬುಟ್ಟೆ. ಮುಂದಿನ್ ವರ್ಸ ಬಿ.ಎಡ್.ಗೆ ಸೇರ್ಲಿ, ಅಲ್ಲೀಗಂಟ ಮನೇಲೇ ಓದ್ಕಳ್ಳಿ. ನೀವಿರ್ತೀರಲ್ಲ?” ಇರುತ್ತೇನೆ ಎಂದೆ. ಆ ದಿನ ಕುಮಟೆಗೆ ವರ್ಗಾವಣೆ ಕೇಳಿ ಅರ್ಜಿ ಹಾಕುವುದಿತ್ತು, ಹಾಕಲಿಲ್ಲ.

ಮುಂದಿನ ವರ್ಷ ಚಿತ್ತಮ್ಮನಿಗೆ ಬಿ.ಎಡ್. ಸೀಟು ಸಿಕ್ಕಿತು. ಕೆಲವು ವರ್ಷಗಳ ನಂತರ ನನಗೂ ಕುಮಟೆಗೆ ವರ್ಗಾವಣೆಯಾಯಿತು. ಈಗ ಮನೆಯಲ್ಲಿ ಕುಚ್ಚಲಕ್ಕಿ ಅನ್ನ, ಮೀನಿನ ಸಾರು. ಊಟದ ನಡುವೆ ಕೈ ತಾನಾಗಿ ನಿಲ್ಲುತ್ತದೆ. “ಏನು ಬೇಕಿತ್ತು ನಿನಗೆ?” ಎನ್ನುತ್ತಾಳೆ ಅಮ್ಮ. ಮುದ್ದೆ ಎನ್ನಲು ಹೊರಟು, ಇನ್ನಷ್ಟು ಸಾರು ಹಾಕಿಸಿಕೊಳ್ಳುತ್ತೇನೆ.

ಕಳೆದ ಬೇಸಿಗೆ ರಜೆಗೆ ಮೊದಲು ಪಾವಗಡದ ಕಡೆಯ ದೊಡ್ಡೇರಿಯ ಶಾಲೆಗೆ ಹೋಗಿದ್ದೆ. ಚಿತ್ತಮ್ಮ ಅಲ್ಲಿ ವಿಜ್ಞಾನ ಕಲಿಸುತ್ತಾಳೆ. ಒಬ್ಬ ಹುಡುಗಿ ಎದ್ದು ನನ್ನನ್ನು ಕೇಳಿದಳು: “ಯಾವೂರು ಮೇಡಂ ನಿಮ್ದು?”

ನಾನು ಬಾಯಿ ತೆರೆಯುವಷ್ಟರಲ್ಲಿ ಚಿತ್ತಮ್ಮನೇ ಹೇಳಿಬಿಟ್ಟಳು: “ನಮ್ಮೋರೇ ಕಣಮ್ಮ. ಪಾವಗಡ.”

ನಾನು ಅಲ್ಲವೆನ್ನಲಿಲ್ಲ. ಸಂಜೆ ಕುಮಟೆಯ ಬಸ್ಸು ಹತ್ತಿದೆ.