ಬಾಗಿಲು ಕತ್ತರಿಸಿದವರು

ನಿನ್ನೆ ಸಂಜೆ ಚಳ್ಳಕೆರೆಯ ನಮ್ಮ ಮನೆಯಲ್ಲಿ ಫೋನನ್ನು ಕೈಯಲ್ಲಿ ಹಿಡಿದು ಬಾಯಿಗೆ ಬಂದಂತೆ ಬೈದೆ. ಗಂಡ ಹೆಂಡತಿ ಜಗಳವೆಂದುಕೊಂಡು ಪಕ್ಕದ ಮನೆಯವರು ಕಿಟಕಿ ತೆರೆದರು. ಕಾರಣ ಕೇಳಿದರೆ ನೀವೂ ನಗುತ್ತೀರಿ: ಕಾರ್ಟೂನು.

ನಾವು ಚಿಕ್ಕವರಿದ್ದಾಗ ಮೊಳಕಾಲ್ಮೂರಿನ ಮನೆಯಲ್ಲಿ ಟಿ.ವಿ. ಇದ್ದದ್ದು ಅವ್ವನ ಮಗ್ಗದ ಎದುರಿಗೆ. ದಿನಾ ಸಂಜೆ ಒಂದು ಜಪಾನಿನ ಸರಣಿ ಬರುತ್ತಿತ್ತು. ಈಗಿನ ಹುಡುಗರು ಅನಿಮೆ ಅನ್ನುತ್ತಾರೆ. ಆಗಲೇ ಹಳೆಯ ಸರಕು. ಓಡಿದ ಕುದುರೆಯೇ ಮತ್ತೆ ಮತ್ತೆ ಓಡುತ್ತಿತ್ತು, ನಾಯಕನ ಕೈಗೆ ಒಮ್ಮೊಮ್ಮೆ ಆರು ಬೆರಳು, ಕಥೆಗಂತೂ ತಲೆಯಿಲ್ಲ ಬುಡವಿಲ್ಲ. ಮಾತೆಲ್ಲ ಹಿಂದಿ, ನಮಗೆ ಬರುತ್ತಿದ್ದದ್ದು ಕನ್ನಡ, ತೆಲುಗು. ಹಿಂದಿ ಬಂದಿದ್ದರೂ ಮಗ್ಗದ ಸದ್ದಿನಲ್ಲಿ ಕೇಳುತ್ತಿರಲಿಲ್ಲ ಬಿಡಿ. ಹಾಗಾಗಿ ನಮಗೆ ಸಿಕ್ಕವನು ನಿರ್ದೇಶಕನೊಬ್ಬನೇ: ಯಾರನ್ನು ಎಲ್ಲಿ ನಿಲ್ಲಿಸಿದ, ಯಾವಾಗ ಮುಖ ಬಿಟ್ಟು ಬೆನ್ನು ತೋರಿಸಿದ, ಅಷ್ಟೇ.

ಒಂದು ವರ್ಷ ನನ್ನ ತಂಗಿ ಗೌರಿ ಜ್ವರದಲ್ಲಿ ತೀರಿಕೊಂಡಳು. ಅವ್ವ ಅಳಲಿಲ್ಲ. ತಿಥಿ ಮುಗಿದ ಮಾರನೇ ದಿನವೇ ಮಗ್ಗಕ್ಕೆ ಕೂತಳು. ಒಂದು ಸಂಜೆ ಸರಣಿಯಲ್ಲಿ ನಾಯಕನ ತಂಗಿಯೂ ಸತ್ತಳು. ಹೆಣ ತೋರಿಸಲಿಲ್ಲ, ಅಳು ತೋರಿಸಲಿಲ್ಲ. ತೆರೆದ ಬಾಗಿಲು, ಹೊಸ್ತಿಲಾಚೆ ಪುಟ್ಟ ಚಪ್ಪಲಿ. ಬೆಳಕು ಮೆಲ್ಲಗೆ ಕತ್ತಲಾಗುವವರೆಗೂ ಅದೊಂದೇ ಚಿತ್ರ. ಮಗ್ಗ ನಿಂತಿತು. ತಿರುಗಿ ನೋಡಿದರೆ ಅವ್ವ ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದಳು. ಬೇರೆ ಚಿತ್ರ ಬರೆಸಲು ದುಡ್ಡಿಲ್ಲದೆ ನಿರ್ದೇಶಕ ಹಾಗೆ ಮಾಡಿದ್ದನೋ ಏನೋ. ಆದರೆ ಎಲ್ಲಿ ನಿಲ್ಲಿಸಬೇಕೆಂಬುದು ಆ ಪುಣ್ಯಾತ್ಮನಿಗೆ ಗೊತ್ತಿತ್ತು.

ನಿನ್ನೆ ಅವ್ವ ತಾನಾಗಿಯೇ ಕೇಳಿದಳು. "ಗೌರಿ ಹೋದ ವರ್ಷ ನೋಡಿದ್ವಲ್ಲ, ಆ ಬಾಗ್ಲು, ಫೋನಿನಾಗೆ ಐತೇನಲೇ?"

ಇತ್ತು. ಕಂಪನಿಯವರು ಹೊಸದಾಗಿ ತಿದ್ದಿ ಹೊರಬಿಟ್ಟಿದ್ದಾರೆ. ಕುದುರೆ ಮಿರಿಮಿರಿ ಮಿಂಚುತ್ತದೆ, ಬೆರಳು ಐದಾಗಿವೆ. ಬಾಗಿಲು ಮಾತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು, ಅದರ ಮೇಲೆ ಪಿಟೀಲಿನ ಗೋಳು ಬೇರೆ.

"ಎಲ್ಲೋತಲೇ ಬಾಗ್ಲು?"

"ಕತ್ತರ್ಸ್ಯಾರವ್ವ. ಅಷ್ಟೊತ್ತು ನಿಂತ್ರೆ ಜನಕ್ಕೆ ಬೇಜಾರಾಗುತ್ತಂತೆ."

"ಯಾರಿಗೆ?"

ಆಗಲೇ ನಾನು ಕೂಗಾಡಿದ್ದು. ತಪ್ಪುಗಳನ್ನೆಲ್ಲ ತಿದ್ದಿ, ಸರಿಯಿದ್ದ ಒಂದೇ ಒಂದನ್ನು ಕಿತ್ತು ಬಿಸಾಕಿದ್ದಾರಲ್ಲ, ಇವರ ಕೈಗೆ ಕತ್ತರಿ ಕೊಟ್ಟವರು ಯಾರು?

ಕಿಟಕಿಯಲ್ಲಿದ್ದವರೂ ಬೇಜಾರಾಗಿ ಒಳಗೆ ಹೋದರು. ನಾನು ಚಿತ್ರವನ್ನು ಹಿಂದಕ್ಕೆಳೆದೆ, ಸದ್ದು ಪೂರ್ತಿ ತೆಗೆದೆ, ಬಾಗಿಲು ಬಂದ ಕ್ಷಣ ಬೆರಳಿಟ್ಟು ನಿಲ್ಲಿಸಿದೆ. ಪರದೆ ಮಂಕಾದಾಗಲೆಲ್ಲ ಮುಟ್ಟಿ ಎಬ್ಬಿಸಿದೆ. ಅವ್ವ ಸೆರಗನ್ನು ಬಾಯಿಗೆ ತಂದಳು.

ಸಿಟ್ಟು ಈಗಲೂ ಇಳಿದಿಲ್ಲ. ಆದರೆ ಅವ್ವ "ಸಾಕು, ಇನ್ನ ಬಿಡು" ಅನ್ನುವವರೆಗೂ ಆ ಬಾಗಿಲನ್ನು ನಾನು ಅಲುಗಾಡಲು ಬಿಡಲಿಲ್ಲ.