ಮೂರನೇ ತೂತಿನ ವೈರು

ಬೆಳಗಿನ ಐದೂವರೆ. ಓಣಿಯ ಕೊನೆಯ ಹಳೇ ಮನೆಯ ಹಿತ್ತಲಲ್ಲಿ ಎಂಟಡಿ ಆಳದ ಗುಂಡಿ. ಅದರ ಬಾಯಲ್ಲಿ ಕುಕ್ಕರಗಾಲಲ್ಲಿ ಕೂತ ಐವತ್ತಾರರ ಮನುಷ್ಯರೊಬ್ಬರು, ಒಳಗೆ ನಿಲ್ಲಿಸಿದ ಕೊಳವೆಯ ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು ಸುರಿಯುತ್ತಿದ್ದಾರೆ. ಮೊಣಕೈವರೆಗೂ ಮಸಿ. ಮಾಡುವುದೆಲ್ಲ ಎಡಗೈಯಲ್ಲಿ. ಓಣಿಯವರೆಲ್ಲ ಕರೆಯುವುದು ‘ಎಡಗೈ ಅಣ್ಣ’ ಎಂದೇ.

ಹಳೇ ಮನೆಗಳ ವೈರಿಂಗ್ ಬದಲಾಯಿಸುವುದು ಅವರ ಕೆಲಸ. ಹಗಲೆಲ್ಲ ಬೇರೆ ಕಡೆ ದುಡಿಮೆ. ಈ ಮನೆಗಳಿಗೆ ಬೆಳಗಿನ ಹೊತ್ತು ಮೀಸಲು. ಮನೆಯವರು ಒಲೆಯ ಮುಂದೆ ನಿಲ್ಲುವ ಮೊದಲು ಮೇನ್ ಇಳಿಸಿದರೆ ಯಾರಿಗೂ ತೊಂದರೆಯಿಲ್ಲ. ಮರದ ಪಟ್ಟಿಗಳನ್ನು ಕಿತ್ತರೆ ಒಳಗೆ ಬಟ್ಟೆ ಸುತ್ತಿದ ವೈರು; ಮುಟ್ಟಿದರೆ ಒಣ ತೊಗಟೆಯ ಹಾಗೆ ಉದುರುತ್ತದೆ. ಒಂದೊಂದು ಮನೆಗೆ ಹತ್ತರಿಂದ ಹದಿನೈದು ಬೆಳಗು ಹಿಡಿಯುತ್ತದೆ. ಆರು ವರ್ಷದಲ್ಲಿ ಅರವತ್ತು ಮನೆ ಮುಗಿದಿವೆ. ಇದು ಅರವತ್ತೊಂದನೆಯದು.

“ಊರವ್ರ ಬೋರ್ಡೆಲ್ಲ ಬಿಚ್ತಾರೆ. ನಮ್ಮನೆ ಕಾಲಿಂಗ್ ಬೆಲ್ಲು ಮೂರು ತಿಂಗ್ಳಿಂದ ಮೂಗನ ಥರ ಕೂತಿದೆ. ಕೇಳಿದ್ರೆ, ಬಾಗ್ಲು ತಟ್ಟೋಕೆ ಜನಕ್ಕೆ ಕೈ ಇಲ್ವಾ ಅಂತಾರೆ” ಎಂದು ಅವರ ಹೆಂಡತಿ ನಗುತ್ತಾರೆ. ಆಮೇಲೆ ದನಿ ತಗ್ಗಿಸಿ ಹೇಳುತ್ತಾರೆ: “ಯಾರಾದ್ರೂ ಹೊಗಳಿದ ದಿನ ಇವ್ರಿಗೆ ಊಟ ಸೇರಲ್ಲ.”

ಹೊಗಳುವವರಿಗೇನೂ ಕಡಿಮೆಯಿಲ್ಲ. ದೇವರಂಥ ಮನುಷ್ಯ, ತಾನಾಗಿ ಬಂದು ನಮ್ಮನೆ ಬೋರ್ಡು ನೋಡಿದ ಎನ್ನುವವರು ಓಣಿ ತುಂಬ ಇದ್ದಾರೆ. ಎಡಗೈ ಅಣ್ಣ ಆಗೆಲ್ಲ ತಲೆ ತಗ್ಗಿಸಿ ಸ್ಕ್ರೂಡ್ರೈವರ್ ಒರೆಸುತ್ತ ನಿಲ್ಲುತ್ತಾರೆ. ಅದನ್ನು ವಿನಯ ಎಂದುಕೊಳ್ಳುತ್ತಾರೆ ಜನ. ಅದು ನಾಚಿಕೆ. ಅರವತ್ತು ಮನೆಗಳನ್ನೂ ಅವರು ಹುಡುಕಿಕೊಂಡು ಹೋಗಿದ್ದಕ್ಕೆ ಒಂದೇ ಕಾರಣ: ಆ ಮನೆಗಳಲ್ಲೆಲ್ಲ ಸಾಕೆಟ್ಟು ಕೂರಿಸಿದವರು ಅವರೇ.

ಹಳೇ ಮನೆಗಳ ಗೋಡೆಯಲ್ಲಿ ಎರಡೇ ವೈರು. ಕರೆಂಟು ತರುವುದೊಂದು, ವಾಪಸ್ ಒಯ್ಯುವುದೊಂದು. ಮೂರು ತೂತಿನ ಸಾಕೆಟ್ಟಿನ ಮೇಲಿನ ದೊಡ್ಡ ತೂತಿಗೆ ನೆಲದಿಂದ ಬರುವ ಮೂರನೇ ವೈರು, ಅಂದರೆ ಅರ್ಥಿಂಗ್ ಬೇಕು. ಅದಕ್ಕೆ ಗುಂಡಿ ತೋಡಬೇಕು, ಗೋಡೆ ಕೊರೆಯಬೇಕು. ಎರಡು ದಿನದ ಕೆಲಸವನ್ನು ಎರಡೇ ನಿಮಿಷಕ್ಕಿಳಿಸುವ ಕಳ್ಳದಾರಿಯೊಂದಿದೆ. ವಾಪಸ್ ವೈರಿನಿಂದಲೇ ಹೆಬ್ಬೆರಳುದ್ದದ ತುಂಡೊಂದನ್ನು ಎಳೆದು ಮೇಲಿನ ತೂತಿಗೆ ಸುತ್ತಿಬಿಡುವುದು. ಹೊರಗಿನಿಂದ ಎಲ್ಲ ಸರಿಯಾಗೇ ಕಾಣುತ್ತದೆ. ಫ್ರಿಜ್ಜು ಓಡುತ್ತದೆ, ವಾಷಿಂಗ್ ಮಷೀನು ತಿರುಗುತ್ತದೆ. ಆದರೆ ಆ ವಾಪಸ್ ವೈರು ಎಲ್ಲಾದರೂ ಕಡಿದ ದಿನ ಮಷೀನಿನ ತಗಡಿನ ಮೈಗೇ ಕರೆಂಟು ಬಂದು ನಿಲ್ಲುತ್ತದೆ.

“ಗೊತ್ತಿರ್ಲಿಲ್ಲ ಅಂತ ಹೇಳಿದ್ರೆ ಸುಳ್ಳಾಗತ್ತೆ. ಕೆಲಸ ಕಲಿಸಿದ ಮೇಸ್ತ್ರಿ ಮೊದಲನೇ ದಿನವೇ ಹೇಳಿದ್ರು, ಹಾಗ್ಮಾಡ್ಬೇಡ ಅಂತ. ಗುಂಡಿ ತೋಡೋಕೆ ಮೈಗಳ್ಳತನ. ಎಲ್ರೂ ಮಾಡ್ತಿದ್ರು, ನಾನೂ ಮಾಡ್ದೆ” ಎನ್ನುತ್ತಾರೆ ಎಡಗೈ ಅಣ್ಣ.

ಎಂಟು ವರ್ಷದ ಹಿಂದೆ ಇದೇ ಮನೆಯಲ್ಲಿ ಆ ವೈರು ಕಡಿಯಿತು. ಇಲ್ಲಿರುವುದು ಬಟ್ಟೆ ಹೊಲಿಯುವ ಅಕ್ಕ. ಈಗ ಅವರಿಗೆ ಅರವತ್ತನಾಲ್ಕು. ಒದ್ದೆ ಕೈಯಲ್ಲಿ ವಾಷಿಂಗ್ ಮಷೀನು ಮುಟ್ಟಿದವರು ಅಂಟಿಕೊಂಡು ನಿಂತುಬಿಟ್ಟರು. ಕಿರುಚಾಟ ಕೇಳಿ ನಾಲ್ಕು ಮನೆಯಾಚೆಯಿಂದ ಓಡಿಬಂದು ಮೇನ್ ಇಳಿಸಿದವರು ಎಡಗೈ ಅಣ್ಣನೇ. ಅಕ್ಕನ ಜೀವ ಉಳಿಯಿತು. ಬಲಗೈಯ ಎರಡು ಬೆರಳು ಮಾತ್ರ ಸುಟ್ಟು, ಕೊಕ್ಕೆಯ ಹಾಗೆ ಬಾಗಿಹೋದವು. ಕತ್ತರಿಯನ್ನು ಈಗ ಎರಡೂ ಕೈಯಲ್ಲಿ ಹಿಡಿಯುತ್ತಾರೆ.

ಅವತ್ತು ಅಕ್ಕನನ್ನು ಆಸ್ಪತ್ರೆಗೆ ಕಳಿಸಿ ಎಡಗೈ ಅಣ್ಣ ಸಾಕೆಟ್ಟು ಬಿಚ್ಚಿದರು. ಒಳಗೆ ಹೆಬ್ಬೆರಳುದ್ದದ ಕೆಂಪು ತುಂಡು, ಎಡಕ್ಕೆ ಮೂರು ಸುತ್ತು. ಬಲಗೈಯವರು ಯಾರೂ ವೈರನ್ನು ಹಾಗೆ ಸುತ್ತುವುದಿಲ್ಲ. ಸದ್ದಿಲ್ಲದೆ ಅದನ್ನು ಕಿತ್ತು ಜೇಬಿಗಿಳಿಸಿದರು. ಆಮೇಲೆ ಎರಡು ವರ್ಷ ಅದನ್ನು ಯಾರಿಗೂ ತೋರಿಸದೆ ಟೂಲ್ ಚೀಲದ ತಳದಲ್ಲಿ ಇಟ್ಟುಕೊಂಡು ಓಡಾಡಿದರು. ಕೊನೆಗೊಂದು ಬೆಳಗ್ಗೆ, ತಾವು ಮಾಡಿದ ಮೊದಲ ಮನೆಯ ಕದ ತಟ್ಟಿದರು. ಹಳೇ ವೈರು, ಬದಲಾಯಿಸಬೇಕು ಎಂದಷ್ಟೇ ಹೇಳಿದರು. ಯಾವ ಮನೆಯಲ್ಲೂ ನಿಜ ಬಾಯಿಗೆ ಬರಲಿಲ್ಲ. ಅಕ್ಕನ ಮನೆಯನ್ನು ಮಾತ್ರ ಇವತ್ತು ನಾಳೆ ಎನ್ನುತ್ತ ಕೊನೆಗೆ ತಳ್ಳಿದರು. ಕಳೆದ ತಿಂಗಳು ಅಕ್ಕನೇ ಕರೆಸಿದರು: “ಜೀವ ಉಳ್ಸಿದ ಕೈ ಅದು. ನಮ್ಮನೆ ಕೆಲ್ಸ ಬೇರೆಯವ್ರು ಮುಟ್ಟೋದು ಬೇಡ.”

ಗುಂಡಿ ಮುಚ್ಚಿ, ನೀರು ಹೊಯ್ದು, ಎಡಗೈ ಅಣ್ಣ ಒಳಗೆ ಬರುತ್ತಾರೆ. ನಡುಮನೆಯಲ್ಲಿ ಅಕ್ಕ ಕಾಲಲ್ಲಿ ತುಳಿಯುವ ಹೊಲಿಗೆ ಮಷೀನಿನ ಮುಂದೆ ಕೂತಿದ್ದಾರೆ. ಮಡಿಲಲ್ಲಿ ಯಾರದೋ ಅಂಗಿಯ ತೋಳು.

“ಏನಪ್ಪಾ, ಹೆಗ್ಗಣ ಬಿಲದಿಂದ ಎದ್ದು ಬಂದಂಗಿದೀಯ. ಕೈ ತೊಳ್ಕೊ, ಚಾ ಕೊಡ್ತೀನಿ.”

“ಚಾ ಬೇಡ ಅಕ್ಕ. ಒಂದು ಮಾತಿದೆ.”

ಟೂಲ್ ಚೀಲದ ತಳದಿಂದ ಕೆಂಪು ವೈರಿನ ತುಂಡು ತೆಗೆದು ಮಷೀನಿನ ಹಲಗೆಯ ಮೇಲಿಡುತ್ತಾರೆ. ಮೂರು ಸುತ್ತು ಇನ್ನೂ ಹಾಗೇ ಇದೆ. ನಿಂತಲ್ಲೇ ಎಲ್ಲವನ್ನೂ ಹೇಳುತ್ತಾರೆ. ಹೇಳಿ ಮುಗಿಸುವಷ್ಟರಲ್ಲಿ ಕಿವಿಯ ತುದಿ ಕೆಂಪೇರಿದೆ.

ಅಕ್ಕನ ಕಾಲು ತುಳಿಯುವುದನ್ನು ನಿಲ್ಲಿಸಿದೆ. “ಅವತ್ತೇ ಗೊತ್ತಾಗಿತ್ತಾ ನಿಂಗೆ?”

“ಅವತ್ತೇ.”

“ಎಂಟು ವರ್ಷ ಕಣೋ. ಬಂದೋರು ಹೋದೋರ ಮುಂದೆಲ್ಲ ನಿನ್ನ ಹಾಡಿ ಹೊಗಳಿದೀನಿ. ನೀನು ಪಕ್ಕದಲ್ಲೇ ನಿಂತು ಕೇಳಿಸ್ಕೊಂಡಿದೀಯ.”

“ಹೌದಕ್ಕ. ಬೈದಿದ್ರೆ ತಡ್ಕೋಬಹುದಿತ್ತು.”

“ಬೈಯೋದು ಬಿಡೋದು ನನ್ನಿಷ್ಟ. ಅದನ್ನೂ ನೀನೇ ಹೇಳ್ಕೊಡ್ಬೇಡ.” ಅಕ್ಕ ಅಂಗಿಯ ತೋಳನ್ನು ಮತ್ತೆ ಸೂಜಿಯಡಿ ಇಡುತ್ತಾರೆ. ಬಾಗಿದ ಬೆರಳು ಬಟ್ಟೆಯ ಮೇಲೆ ಜಾರುತ್ತದೆ. “ಕೆಲ್ಸ ಮುಗ್ಸು. ಇಸ್ತ್ರಿ ಹಾಕ್ಬೇಕು.”

ಒಂದು ಗಂಟೆಯವರೆಗೆ ಮನೆಯಲ್ಲಿ ಹೊಲಿಗೆ ಮಷೀನಿನ ಸದ್ದು, ಸ್ಕ್ರೂ ತಿರುಗುವ ಕಿರಕಿರ, ಅಷ್ಟೇ. ಹಸಿರು ವೈರು ಎಂಟು ಸಾಕೆಟ್ಟುಗಳ ಮೇಲಿನ ತೂತಿಗೂ ಸೇರುತ್ತದೆ. ಹಳೇ ಪಿಂಗಾಣಿ ಫ್ಯೂಸಿನ ಜಾಗದಲ್ಲಿ ಹೊಸ ಟ್ರಿಪ್ ಸ್ವಿಚ್ಚು ಕೂರುತ್ತದೆ. ಕರೆಂಟು ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ತಾನೇ ಬೀಳುವ ಸ್ವಿಚ್ಚದು.

“ಅಕ್ಕ, ತಿಂಗಳಿಗೊಂದು ಸಲ ಸ್ವಿಚ್ಚಿನ ಈ ಟೆಸ್ಟ್ ಬಟನ್ ಒತ್ತಿ ನೋಡ್ಬೇಕು. ಈಗೊಮ್ಮೆ ಒತ್ತಿ.”

ಅಕ್ಕ ಎದ್ದು ಬಂದು, ಬೇಕೆಂದೇ ಆ ಬಾಗಿದ ಬೆರಳಿನ ಗೆಣ್ಣಿನಿಂದ ಒತ್ತುತ್ತಾರೆ. ಟಕ್. ಫ್ಯಾನು ನಿಧಾನಕ್ಕೆ ನಿಲ್ಲುತ್ತದೆ.

“ಅವತ್ತು ಇದಿದ್ದಿದ್ರೆ?”

“ಬೆರಳು ನೆಟ್ಟಗಿರ್ತಿತ್ತು.”

ಅಕ್ಕ ಹಲಗೆಯ ಮೇಲಿನ ಕೆಂಪು ತುಂಡನ್ನೆತ್ತಿ ಅಂಗಿ ಗುಂಡಿಗಳ ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತುತ್ತಾರೆ. “ಇದು ನಂದು. ಇಲ್ಲೇ ಇರ್ಲಿ.”

ಎಡಗೈ ಅಣ್ಣ ಚೀಲ ಹೆಗಲಿಗೇರಿಸಿ ಹೊರಗೆ ಬರುವಾಗ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಕತ್ತು ಚಾಚಿ ಕೇಳುತ್ತಾಳೆ: “ನಿಮ್ಮ ಜೀವ ಉಳ್ಸಿದ ಅಣ್ಣ ಅಲ್ವಾ ಇವ್ರು?”

ಬಾಗಿಲಲ್ಲಿ ನಿಂತ ಅಕ್ಕ ಸೆರಗಿಗಂಟಿದ ನೂಲಿನ ಎಳೆಯೊಂದನ್ನು ಕಿತ್ತು ಹಾಕುತ್ತಾರೆ. ಆಮೇಲೆ, “ವೈರಿಂಗ್ ಮಾಡೋನು. ಈ ಸಲ ಸರಿಯಾಗಿ ಮಾಡಿದಾನೆ” ಎನ್ನುತ್ತಾರೆ.

ಉಳಿದ ಅರವತ್ತು ಮನೆಗಳಿಗೂ ನಿಜ ಹೇಳುವುದು ಬಾಕಿಯಿದೆ. ನಾಳೆ ಬೆಳಗ್ಗೆ ಮೊದಲನೆಯದರಿಂದಲೇ ಶುರು. ಓಣಿಯ ತಿರುವಿನಲ್ಲಿ ಎಡಗೈ ಅಣ್ಣ ನಿಂತು, ಮಸಿ ಮೆತ್ತಿದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಬೆಳಗಿನಿಂದ ಜೊತೆಗಿದ್ದು ಬರೆದುಕೊಳ್ಳುತ್ತಿದ್ದ ಪತ್ರಿಕೆಯವರಾದ ನಮ್ಮ ಕಡೆ ತಿರುಗುತ್ತಾರೆ.

“ಪೇಪರ್‌ಗೆ ಅಕ್ಕ ಹೇಳಿದ್ದಷ್ಟೇ ಹಾಕಿ. ಅದಕ್ಕಿಂತ ಒಂದಕ್ಷರನೂ ಜಾಸ್ತಿ ಬೇಡ.”